ಅವಧಿ ಮೀರಿದ ವಾಸ: ಮಸ್ಕತ್‌ನ ಬಾಗಿಲೂ ನಮ್ಮವರ ಪಾಸ್‌ಪೋರ್ಟೂ

ಹಳೆಯ ಮಸ್ಕತ್ ಊರಿಗೆ ಸುತ್ತಲೂ ಗೋಡೆಯಿತ್ತು, ಗೋಡೆಗೆ ಬಾಗಿಲುಗಳಿದ್ದವು ಎಂಬುದು ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಗೊತ್ತು. ದೊಡ್ಡ ಬಾಗಿಲಿಗೆ ಬಾಬ್ ಅಲ್ ಕಬೀರ್, ಚಿಕ್ಕದಕ್ಕೆ ಬಾಬ್ ಅಲ್ ಸಗೀರ್ ಎಂದು ಹೆಸರು. 1970ರವರೆಗೂ ಸೂರ್ಯ ಮುಳುಗಿ ಮೂರು ಗಂಟೆಯಾದ ಮೇಲೆ ಕೋಟೆಯಿಂದ ತೋಪು ಹಾರಿಸಿ ಈ ಬಾಗಿಲುಗಳನ್ನು ಮುಚ್ಚುತ್ತಿದ್ದರು. ಆಮೇಲೆ ಬೀದಿಯಲ್ಲಿ ಓಡಾಡುವವನ ಕೈಯಲ್ಲಿ ಉರಿಯುವ ಲಾಂದ್ರ ಇರಲೇಬೇಕಿತ್ತು. ಹೊತ್ತು ಮೀರಿ ಗೋಡೆಯ ಹೊರಗೆ ಉಳಿದವನಿಗೆ ಅದು ಒಂದು ರಾತ್ರಿಯ ಕಷ್ಟ. ಬೆಳಗಾದರೆ ಬಾಗಿಲು ತೆರೆಯುತ್ತಿತ್ತು, ಅವನೂ ಎಲ್ಲರ ಜೊತೆ ಒಳಗೆ ಹೋಗಬಹುದಿತ್ತು.

ಇಂದಿನ ಮಸ್ಕತ್‌ನ ಬಾಗಿಲು ಸೀಬ್‌ನ ವಿಮಾನ ನಿಲ್ದಾಣದಲ್ಲಿದೆ. ಅಲ್ಲಿ ಹೊತ್ತು ಮೀರಿದವನ ಕಥೆ ಒಂದು ರಾತ್ರಿಗೆ ಮುಗಿಯುವುದಿಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲೋ, ಯುಗಾದಿ ಕಾರ್ಯಕ್ರಮ ಮುಗಿದು ಕಾರಿನ ಬಳಿ ನಿಂತಾಗಲೋ ಯಾರಾದರೊಬ್ಬರು ತಗ್ಗಿದ ದನಿಯಲ್ಲಿ ಒಂದು ಪ್ರಶ್ನೆ ಕೇಳುವುದುಂಟು. “ನಮ್ಮ ಕಡೆಯ ಹುಡುಗನೊಬ್ಬನ ವೀಸಾ ಮುಗಿದು ಎರಡು ವರ್ಷವಾಯಿತು. ದಂಡ ಕಟ್ಟಿದರೆ ಎಲ್ಲ ಸರಿಹೋಗುತ್ತದಲ್ಲವೇ?” ಕೇಳುವವರ ಚಿಂತೆ ದಂಡದ ಮೊತ್ತದ ಬಗ್ಗೆ. ಆ ಹುಡುಗ ಮುಂದೆ ಮತ್ತೊಮ್ಮೆ ಹೊರದೇಶಕ್ಕೆ ಹೊರಟಾಗ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಅದು ಹೇಗೆ ಬದಲಾಯಿತು ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಗೂ ಮಸ್ಕತ್‌ಗೂ ಇರುವ ನಂಟು ಪೆಟ್ರೋಲಿನ ಕಾಲದ್ದಲ್ಲ, ಅಕ್ಕಿಯ ಕಾಲದ್ದು. 1507ರಿಂದ 1650ರವರೆಗೆ ಪೋರ್ಚುಗೀಸರು ಮಸ್ಕತ್ ಆಳಿದಾಗ ಅವರ ಕೋಟೆಯ ಸೈನಿಕರು ಉಣ್ಣುತ್ತಿದ್ದುದು ಕೆನರಾದ ಅಕ್ಕಿ. ಬಸರೂರು, ಮಂಗಳೂರು ಬಂದರುಗಳಿಂದ ಅಕ್ಕಿ ಹೋಗುತ್ತಿತ್ತು, ಆ ಕಡೆಯಿಂದ ಕುದುರೆ, ಖರ್ಜೂರ ಬರುತ್ತಿದ್ದವು. ಅರಬರು ಪೋರ್ಚುಗೀಸರನ್ನು ಓಡಿಸಿದ ಮೇಲೂ ಈ ವ್ಯಾಪಾರ ನಿಲ್ಲಲಿಲ್ಲ. ಟಿಪ್ಪು ಸುಲ್ತಾನ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. 1786ರಲ್ಲಿ ಇಸ್ತಾಂಬುಲ್‌ಗೆ ಹೊರಟ ಅವನ ರಾಯಭಾರಿಗಳ ತಂಡವೂ ದಾರಿಯಲ್ಲಿ ತಂಗಿದ್ದು ಇಲ್ಲಿಯೇ.

ಆ ಕಾಲದಲ್ಲಿ ವೀಸಾ ಕೊಡುತ್ತಿದ್ದುದು ಗಾಳಿ ಎನ್ನಬೇಕು. ಮಳೆಗಾಲ ಕಳೆದು ಈಶಾನ್ಯದ ಗಾಳಿ ಎದ್ದಾಗ ಹಾಯಿಹಡಗುಗಳು ನಮ್ಮ ಕಡೆಯಿಂದ ಅರಬಸ್ತಾನಕ್ಕೆ ಹೊರಡುತ್ತಿದ್ದವು. ನೈಋತ್ಯದ ಗಾಳಿ ಜೋರು ಹಿಡಿಯುವ ಮುನ್ನ ಮರಳಿ ಮಂಗಳೂರು ಸೇರಬೇಕಿತ್ತು. ಮೇ ತಿಂಗಳು ಮುಗಿಯುವುದರೊಳಗೆ ಹೊರಡದಿದ್ದರೆ ನಮ್ಮ ಬಂದರುಗಳ ಬಾಯಿ ಮುಚ್ಚಿರುತ್ತಿತ್ತು. ಮಳೆಯ ಅಬ್ಬರ ಇಳಿಯುವವರೆಗೆ ಮತ್ರಾದ ಸೆಕೆಯಲ್ಲಿ ಕೂತು ಬೇಯಬೇಕು. ಲೆಕ್ಕ ತೀರದೆ, ಸಾಲ ವಸೂಲಾಗದೆ ಗಾಳಿ ತಪ್ಪಿಸಿಕೊಂಡ ವ್ಯಾಪಾರಿಗೆ ಒಂದು ಹಂಗಾಮು ನಷ್ಟ, ಅಷ್ಟೆ. ಮುಂದಿನ ವರ್ಷ ಅವನು ಬಂದರೆ ‘ಹೋದ ಸಲ ಯಾಕೆ ಹೆಚ್ಚು ದಿನ ಇದ್ದೆ?’ ಎಂದು ಕೇಳುವ ಅಧಿಕಾರಿ ಇರಲಿಲ್ಲ. ಕಚ್ಛದಿಂದ ಬಂದ ಭಾಟಿಯಾ ವರ್ತಕರು ಹೀಗೆಯೇ ಬಂದು, ಉಳಿದು, ಮನೆತನಗಳನ್ನೇ ಬೆಳೆಸಿದರು. 1870ರಲ್ಲಿ ಶುರುವಾದ ಖಿಮ್ಜಿ ರಾಮದಾಸ್ ಅವರ ವ್ಯವಹಾರ ಇಂದಿಗೂ ನಮ್ಮ ಕಣ್ಣೆದುರಿಗಿದೆ.

ಕಾಗದದ ಕಾಲ ಬಂದದ್ದು ಮೊದಲ ಮಹಾಯುದ್ಧದ ನಂತರ. 1920ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಗಳು ಸಭೆ ಸೇರಿ ಪಾಸ್‌ಪೋರ್ಟಿನ ಆಕಾರವನ್ನು ಗೊತ್ತುಮಾಡಿದವು. ಅದೇ ವರ್ಷ ಬ್ರಿಟಿಷ್ ಭಾರತದಲ್ಲಿಯೂ ಪಾಸ್‌ಪೋರ್ಟ್ ಕಾಯಿದೆ ಬಂತು. ಆದರೂ ಕೊಲ್ಲಿಯ ಕಡೆ ಕಾಗದಕ್ಕಿಂತ ಪರಿಚಯವೇ ಬಹುಕಾಲ ನಡೆಯಿತು. ಇಲ್ಲೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಮನುಷ್ಯರಿಗಿಂತ ಹೆಚ್ಚು ಕಾಲ ಇಲ್ಲಿ ಅವಧಿ ಮೀರಿ ಉಳಿದದ್ದು ನಮ್ಮ ರೂಪಾಯಿ! 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಅಚ್ಚು ಹಾಕಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ನೆರೆಯ ಸಂಸ್ಥಾನಗಳು ಅದನ್ನು ಕೈಬಿಟ್ಟವು. ಮಸ್ಕತ್‌ನಲ್ಲಿ ಮಾತ್ರ ಅದು 1970ರವರೆಗೆ ಚಲಾವಣೆಯಲ್ಲಿತ್ತು.

ಸುಲ್ತಾನ್ ಸಯೀದ್ ಬಿನ್ ತೈಮೂರರ ಆಳ್ವಿಕೆಯಲ್ಲಿ ಪರದೇಶದವರು ಒಳಗೆ ಬರುವುದಕ್ಕೆ ಸ್ವತಃ ಸುಲ್ತಾನರ ಒಪ್ಪಿಗೆ ಬೇಕಿತ್ತು. ಇದು ನಮಗೆ ಅಷ್ಟೇನೂ ವಿಚಿತ್ರವೆನಿಸದು. ಆದರೆ ಇಲ್ಲಿಯ ಸ್ವಂತ ಪ್ರಜೆಗಳಿಗೂ ಹೊರಗೆ ಹೋಗಲು ಅಪ್ಪಣೆ ಬೇಕಿತ್ತು ಎಂಬುದನ್ನು ಇಂದಿನ ಒಮಾನಿ ಮಕ್ಕಳೇ ನಂಬಲಾರರು. ಓದಲೆಂದೋ ದುಡಿಯಲೆಂದೋ ಅಪ್ಪಣೆಯಿಲ್ಲದೆ ಬಹರೇನ್, ಕುವೈತ್, ಸೌದಿಗಳಿಗೆ ಹೋದ ಸಾವಿರಾರು ಒಮಾನಿಗಳು ತಿರುಗಿ ತಮ್ಮ ಮನೆಗೆ ಬರಲಾರದೆ ಅಲ್ಲಲ್ಲೇ ಉಳಿದರು. 1964ರ ಕ್ರಾಂತಿಯ ನಂತರ ಝಾಂಝಿಬಾರ್ ಬಿಡಬೇಕಾಗಿ ಬಂದ ಒಮಾನಿ ಮೂಲದವರಿಗೂ ಇಲ್ಲಿಯ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1970ರ ಜುಲೈ 23ರಂದು ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಹೊರಗಿದ್ದ ಇವರೆಲ್ಲರನ್ನೂ ಮನೆಗೆ ಕರೆದದ್ದು. ಹೋದವರು ಯಾಕೆ ಹೋದರು, ಎಷ್ಟು ವರ್ಷ ಇದ್ದರು ಎಂಬ ವಿಚಾರಣೆಗಿಂತ ನಾಡು ಕಟ್ಟಲು ಕೈ ಬೇಕಾಗಿತ್ತು. ಆಗ ಇಡೀ ದೇಶಕ್ಕೆ ಇದ್ದದ್ದು ಮೂರು ಶಾಲೆ, ಸುಮಾರು ಹತ್ತು ಕಿಲೋಮೀಟರ್ ಡಾಂಬರು ರಸ್ತೆ. ಕ್ಷಮಾದಾನದಿಂದ ಆರಂಭವಾದ ರಾಜ್ಯವಿದು ಎಂದು ನಾನು ಒಮ್ಮೊಮ್ಮೆ ಅಂದುಕೊಳ್ಳುವುದುಂಟು.

ಮನೆಗೆ ಬಂದ ಒಮಾನಿಗಳ ಕೈ ಸಾಲದಾಯಿತು. ರಸ್ತೆ, ಆಸ್ಪತ್ರೆ, ಬಂದರು ಎಲ್ಲ ಒಟ್ಟಿಗೆ ಏಳತೊಡಗಿದವು. ಸೀಬ್ ವಿಮಾನ ನಿಲ್ದಾಣ 1973ರಲ್ಲಿ ತೆರೆಯಿತು, ಮತ್ರಾದ ಹೊಸ ಬಂದರು 1974ರಲ್ಲಿ. ಬೊಂಬಾಯಿಯಿಂದ ಕರಾಚಿ, ಮಸ್ಕತ್ ಮೂಲಕ ಕೊಲ್ಲಿಗೆ ಓಡುತ್ತಿದ್ದ ‘ದ್ವಾರಕಾ’ ಹಡಗಿನ ಡೆಕ್ಕಿನ ಮೇಲೆ ಟ್ರಂಕು, ಚಾಪೆ ಹಾಸಿ ಬಂದವರ ನೆನಪು ಹಳಬರಲ್ಲಿ ಇನ್ನೂ ಇದೆ. ಅದು 1982ರಲ್ಲಿ ಓಡಾಟ ನಿಲ್ಲಿಸಿತು. ಇದಕ್ಕೂ ಮುಂಚೆ, ಅರವತ್ತರ ದಶಕದಲ್ಲಿ, ಲಾಂಚುಗಳಲ್ಲಿ ಕಾಗದವಿಲ್ಲದೆ ಬಂದು ಖೋರ್ ಫಕ್ಕಾನ್ ಕಡಲತೀರದಲ್ಲಿ ಇಳಿದ ಮಲಬಾರಿನವರ ಕಥೆ ಪ್ರಸಿದ್ಧ. ಅವರಿಗೆ ಅವಧಿ ಮೀರುವ ಮಾತೇ ಇರಲಿಲ್ಲ, ಏಕೆಂದರೆ ಅವಧಿಯೇ ಇರಲಿಲ್ಲ.

ಅವಧಿ ಎಂಬುದು ಹುಟ್ಟಿದ್ದು ಸ್ಪಾನ್ಸರ್ ಪದ್ಧತಿಯೊಂದಿಗೆ. 1973ರ ಕಾರ್ಮಿಕ ಕಾನೂನು, ಆಮೇಲೆ 1995ರ ವಿದೇಶೀಯರ ವಾಸದ ಕಾನೂನು, ಇವುಗಳಿಂದ ಇಲ್ಲಿಯ ನಮ್ಮ ವಾಸ ಒಬ್ಬ ಒಡೆಯನ ಹೆಸರಿಗೆ ಅಂಟಿಕೊಂಡಿತು. ಕಾರ್ಡು ನವೀಕರಿಸಬೇಕಾದವನು ಅವನು. ನಮ್ಮ ದೇಶದ ಕಡೆಯಿಂದಲೂ ಒಂದು ಜರಡಿ ಇದೆ. 1983ರ ವಲಸೆ ಕಾಯಿದೆಯಂತೆ, ಹತ್ತನೆಯ ತರಗತಿ ಪಾಸಾಗದವರು ಒಮಾನ್‌ಗೆ ಕೆಲಸಕ್ಕೆ ಬರಬೇಕಾದರೆ ವಲಸೆ ಅಧಿಕಾರಿಯ ಅನುಮತಿ ಬೇಕು. ಈ ಎರಡು ಜರಡಿಗಳ ನಡುವಿನ ತೂತಿನಲ್ಲಿ ನುಸುಳಿ ಬೆಳೆದದ್ದೇ ‘ಫ್ರೀ ವೀಸಾ’. ಒಬ್ಬ ಅರಬಾಬ್ ಹೆಸರಿನಲ್ಲಿ ವೀಸಾ, ಕೆಲಸ ಇನ್ನೆಲ್ಲೋ. ಅರಬಾಬ್‌ಗೆ ವರ್ಷ ವರ್ಷ ದುಡ್ಡು ಕೊಡುತ್ತಿರುವವರೆಗೆ ಕಾರ್ಡು ಊರ್ಜಿತ. ಒಂದು ವರ್ಷ ದುಡ್ಡು ಹೊಂದಲಿಲ್ಲವೆಂದರೆ, ಅಥವಾ ಅರಬಾಬ್ ತೀರಿಕೊಂಡನೆಂದರೆ, ಅಥವಾ ಅವನ ಅಂಗಡಿ ಮುಚ್ಚಿತೆಂದರೆ, ಕಾರ್ಡು ಮುಗಿಯಿತು. ಮನುಷ್ಯ ಅದೇ ಕೋಣೆಯಲ್ಲಿ, ಅದೇ ಕೆಲಸದಲ್ಲಿ, ಅದೇ ಮಂಚದ ಮೇಲೆ ಇದ್ದಾನೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅವನು ನಿನ್ನೆಯವನಲ್ಲ. ಇಂಥವರಿಗೆ ಇಲ್ಲಿಯ ಬೀದಿಯ ಭಾಷೆಯಲ್ಲಿ ‘ಖಲ್ಲಿವಲ್ಲಿ’ ಎನ್ನುತ್ತಾರೆ. ಬಿಡು, ಹೋಗಲಿ ಎಂದು ಆ ಅರಬಿ ಮಾತಿನ ಅರ್ಥ. ಮಾತು ಹಗುರ. ಹಾಗೆ ಕರೆಸಿಕೊಂಡವರಿಗೆ ಅಪ್ಪ ಸತ್ತರೆ ಹೆಣ ನೋಡಲು ಹೋಗಲಾಗುವುದಿಲ್ಲ, ಜ್ವರ ಬಂದರೆ ದೊಡ್ಡಾಸ್ಪತ್ರೆಗೆ ಹೋಗಲು ಭಯ, ಸಂಬಳ ಕೊಡದವನ ಮೇಲೆ ದೂರು ಕೊಡಲು ಇನ್ನೂ ಭಯ.

ಹಾಗಾದರೆ ಸಿಕ್ಕಿಬಿದ್ದು ಊರಿಗೆ ಹೋದವರು ತಿರುಗಿ ಬರುತ್ತಿದ್ದರೇ? ತೊಂಬತ್ತರ ದಶಕದವರೆಗೂ ಬರುತ್ತಿದ್ದರು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಗ ನಮ್ಮ ಪಾಸ್‌ಪೋರ್ಟು ಕೈಬರಹದ್ದು. ನಮ್ಮ ಕರಾವಳಿಯವರ ಹೆಸರುಗಳೋ, ಹಾವಸೆಯಂತೆ ಜಾರುವಂಥವು. ಒಬ್ಬನೇ ಮನುಷ್ಯ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿನೊಂದಿಗೆ, ರೇಷನ್ ಕಾರ್ಡಿನಲ್ಲಿ ಊರಿನ ಹೆಸರಿನೊಂದಿಗೆ, ಮತದಾರರ ಪಟ್ಟಿಯಲ್ಲಿ ಮನೆತನದ ಹೆಸರಿನೊಂದಿಗೆ ಇರುತ್ತಾನೆ. ಪೂಜಾರಿ ಎಂಬುದನ್ನೇ ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯಬಹುದು. ಗಡೀಪಾರು ಪಟ್ಟಿ ಎಂದರೆ ಹೆಸರುಗಳ ಪಟ್ಟಿ ತಾನೇ. ಒಂದು ಅಕ್ಷರ ಬದಲಾದರೆ ಮನುಷ್ಯನೇ ಬದಲಾದಂತೆ. ಹೊಸ ಪಾಸ್‌ಪೋರ್ಟು ಮಾಡಿಸಿ ಬೇರೆ ಕಾಗುಣಿತದಲ್ಲಿ ಬಂದಿಳಿದವರು ಎಲ್ಲ ಕೊಲ್ಲಿ ದೇಶಗಳಲ್ಲೂ ಇದ್ದರು. ಅದು 1967ರ ಪಾಸ್‌ಪೋರ್ಟ್ ಕಾಯಿದೆಯಂತೆ ಅಪರಾಧ, ಸಂದೇಹವೇ ಇಲ್ಲ. ಆದರೆ ಅದರ ಮತ್ತೊಂದು ಮುಖವನ್ನೂ ನೋಡಬೇಕು. ಯಾವ ತಪ್ಪೂ ಮಾಡದ ಬಡಪಾಯಿಯನ್ನು, ಪಟ್ಟಿಯಲ್ಲಿ ಅದೇ ಹೆಸರಿನವನೊಬ್ಬ ಇದ್ದಾನೆ ಎಂಬ ಕಾರಣಕ್ಕೆ ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕೂರಿಸುವುದೂ ನಡೆಯುತ್ತಿತ್ತು.

ಈ ಬಾಗಿಲನ್ನು ಮುಚ್ಚಿದ್ದು ಕಣ್ಣು ಮತ್ತು ಬೆರಳು. ನೆರೆಯ ಅರಬ್ ಎಮಿರೇಟ್ಸ್‌ನವರು 2001ರ ನಂತರ ಗಡೀಪಾರಾದವರ ಕಣ್ಣಿನ ಪಾಪೆಯ ಚಿತ್ರ ತೆಗೆದಿಡತೊಡಗಿದರು. ಒಮಾನ್ 2004ರಲ್ಲಿ ಬೆರಳಚ್ಚು ಅಡಗಿಸಿದ ಗುರುತಿನ ಚೀಟಿಗಳನ್ನು ಆರಂಭಿಸಿತು. ಮುಂದೆ ನಮ್ಮ ರೆಸಿಡೆಂಟ್ ಕಾರ್ಡುಗಳೂ ಅದೇ ದಾರಿ ಹಿಡಿದವು. ಭಾರತದ ಕೈಬರಹದ ಪಾಸ್‌ಪೋರ್ಟುಗಳು 2015ರ ನವೆಂಬರ್ 24ರ ನಂತರ ಅಂತರರಾಷ್ಟ್ರೀಯ ನಿಯಮದಂತೆ ಬೆಲೆ ಕಳೆದುಕೊಂಡವು. ಹೆಸರಿನ ಕಾಗುಣಿತ ಹೇಗಿದ್ದರೂ ಹೆಬ್ಬೆರಳಿನ ಗೆರೆ ಒಂದೇ. ಈಗ ಯಂತ್ರದ ಮೇಲೆ ಬೆರಳಿಟ್ಟ ಕೂಡಲೇ ಹತ್ತು ಹದಿನೈದು ವರ್ಷದ ಹಿಂದಿನ ಕಥೆಯೂ ಮೇಲೆದ್ದು ಬರಬಹುದು. ಅಣ್ಣನ ಪಾಸ್‌ಪೋರ್ಟಿನಲ್ಲಿ ತಮ್ಮ ಬಂದ ಎಂಬಂಥ ಹಳೆಯ ಕಥೆಗಳನ್ನು ನಂಬಿ ಇಂದಿಗೂ ಏಜೆಂಟರಿಗೆ ದುಡ್ಡು ಸುರಿಯುವವರಿದ್ದಾರೆ ಎಂಬುದೇ ಖೇದದ ಸಂಗತಿ.

ಇನ್ನು ಕ್ಷಮಾದಾನದ ವಿಚಾರ. 1996ರಲ್ಲಿ ಎಮಿರೇಟ್ಸ್ ಸರ್ಕಾರ ಅವಧಿ ಮೀರಿದವರಿಗೆ ದಂಡವಿಲ್ಲದೆ ಹೊರಡಲು ಗಡುವು ಕೊಟ್ಟಾಗ ಲಕ್ಷಗಟ್ಟಲೆ ಜನ ಹೊರಟರು. ಒಮಾನ್‌ನಲ್ಲಿ 2015ರ ಮೇ ತಿಂಗಳಲ್ಲಿ ಇಂಥದೊಂದು ಅವಕಾಶ ಆರಂಭವಾಗಿ ಕೆಲವು ತಿಂಗಳು ನಡೆಯಿತು. 2020ರಲ್ಲಿ ಕೊರೋನಾ ಬಂದು ವಿಮಾನಗಳೇ ನಿಂತಾಗ, ತಮ್ಮದೇನೂ ತಪ್ಪಿಲ್ಲದೆ ಅವಧಿ ಮೀರಿದವರ ಸಂಖ್ಯೆ ಹೆಚ್ಚಿತು. ಆ ವರ್ಷ ನವೆಂಬರ್ 15ರಿಂದ ಕೊಟ್ಟ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ 2021ರವರೆಗೂ ಎಳೆದರು. 2025ರ ಫೆಬ್ರವರಿ 1ರಿಂದ ಕಾರ್ಮಿಕ ಇಲಾಖೆ ಆರು ತಿಂಗಳ ಅವಕಾಶ ತೆರೆಯಿತು. ಜುಲೈ ಕೊನೆಗೆ ಮುಗಿಯಬೇಕಿದ್ದ ಅದನ್ನು ಡಿಸೆಂಬರ್ 31ರವರೆಗೆ ಮುಂದೂಡಲಾಯಿತು. ಮನ್ನಾ ಆಗುವ ಬಾಕಿ ಆರು ಕೋಟಿ ರಿಯಾಲಿಗೂ ಹೆಚ್ಚು ಎಂದು ಸರ್ಕಾರ ಪ್ರಕಟಿಸಿತ್ತು. ಏಳು ವರ್ಷಕ್ಕಿಂತ ಹಳೆಯ ಬಾಕಿಗಳನ್ನೂ ಬಿಟ್ಟುಕೊಟ್ಟರು.

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಿಟ್ಟುಕೊಡುವುದು ದುಡ್ಡನ್ನು. ದಾಖಲೆ ಬೇರೆ. ಕ್ಷಮಾದಾನದಲ್ಲಿ ಹೋದವರು ತಿರುಗಿ ಬರಬಹುದೋ ಇಲ್ಲವೋ ಎಂಬುದು ಆಯಾ ಸಲದ ಪ್ರಕಟಣೆಯ ಷರತ್ತುಗಳ ಮೇಲೆ ನಿಂತಿರುತ್ತದೆ. ಅರಬಿಯಲ್ಲಿರುವ ಆ ಷರತ್ತುಗಳನ್ನು ಓದಿಸಿಕೊಂಡೇ ಹೊರಡಬೇಕು. ತಾನಾಗಿ ಹೋಗಿ ದಂಡ ಕಟ್ಟಿ ಟಿಕೆಟ್ ಹಿಡಿದು ಹೊರಟವನಿಗೂ, ತಪಾಸಣೆಯಲ್ಲಿ ಸಿಕ್ಕಿ ಗಡೀಪಾರಾದವನಿಗೂ ಅಜಗಜಾಂತರ. ಗಡೀಪಾರಾದವನು ಪೊಲೀಸ್ ಇಲಾಖೆಯ ವಿಶೇಷ ಅನುಮತಿಯಿಲ್ಲದೆ ಮರಳಿ ಬರುವಂತಿಲ್ಲ. ಒಡೆಯ ‘ಓಡಿಹೋಗಿದ್ದಾನೆ’ ಎಂದು ದೂರು ಬರೆಸಿದ್ದರೆ ಗಂಟು ಇನ್ನೂ ಬಿಗಿ. ಅಂಥವರ ಭಾವಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ದೂರು ಸುಳ್ಳಾದರೆ ಅದನ್ನು ಪ್ರಶ್ನಿಸುವ ದಾರಿ ಇದೆ. ಆದರೆ ಆ ದಾರಿ ನಡೆಯಬೇಕಾದವನು ಹೆದರಿ ಬರ್ಕಾದ ತೋಟದಲ್ಲೋ ಸೊಹಾರ್‌ನ ಶೆಡ್ಡಿನಲ್ಲೋ ಅಡಗಿರುತ್ತಾನೆ.

ಒಂದು ದಿನವೂ ಅವಧಿ ಮೀರದವರಿಗೂ ಬಾಗಿಲು ಮುಚ್ಚಿದ ಉದಾಹರಣೆ ಇಲ್ಲಿಯೇ ಇದೆ. 2014ರ ಜುಲೈಯಿಂದ ಎರಡು ವರ್ಷದ ನಿಷೇಧವನ್ನು ಬಿಗಿಗೊಳಿಸಿದಾಗ, ಹಳೆಯ ಒಡೆಯನ ನಿರಾಕ್ಷೇಪಣಾ ಪತ್ರವಿಲ್ಲದೆ ಹೋದವರು ಎರಡು ವರ್ಷ ಊರಿನಲ್ಲಿ ಕೂರಬೇಕಾಯಿತು. 2021ರ ಜನವರಿ 1ರಿಂದ, ಕರಾರು ಮುಗಿಸಿದವನು ಆ ಪತ್ರವಿಲ್ಲದೆಯೇ ಬೇರೆ ಕಡೆ ಸೇರಬಹುದೆಂದಾಯಿತು. ಈ ಒಂದು ತಿದ್ದುಪಡಿಯಿಂದ ಎಷ್ಟೋ ಜನ ಖಲ್ಲಿವಲ್ಲಿ ಆಗುವುದು ತಪ್ಪಿದೆ ಎಂದು ನನ್ನ ಅಂದಾಜು.

ವಿಸಿಟ್ ವೀಸಾದ ಕಥೆ ಇದಕ್ಕೆ ತದ್ವಿರುದ್ಧ. ‘ವಿಸಿಟ್‌ನಲ್ಲಿ ಬಾ, ಇಲ್ಲಿ ಬದಲಾಯಿಸೋಣ’ ಎಂಬ ಮಾತಿಗೆ ಹಿಂದೆ ಬೆಲೆ ಇತ್ತು. 2023ರ ಅಕ್ಟೋಬರ್ 31ರಂದು ರಾಯಲ್ ಒಮಾನ್ ಪೊಲೀಸರು ಅಂಥ ಬದಲಾವಣೆಯನ್ನು ನಿಲ್ಲಿಸಿದ್ದಾಗಿ ಪ್ರಕಟಿಸಿದರು. ಹಳೆಯ ಮಾತನ್ನೇ ನಂಬಿ ಬಂದವರು ಸಿಕ್ಕಿಕೊಂಡರು. ಪ್ರವಾಸಿ ವೀಸಾದಲ್ಲಿ ಅವಧಿ ಮೀರಿದರೆ ದಿನಕ್ಕೆ ಹತ್ತು ರಿಯಾಲ್ ದಂಡ. ಒಂದು ತಿಂಗಳಿಗೆ ಮುನ್ನೂರು ರಿಯಾಲ್, ನಮ್ಮ ದುಡ್ಡಿನಲ್ಲಿ ಅರವತ್ತು ಸಾವಿರಕ್ಕೂ ಮೇಲು. ತಾಯಿ ತಂದೆಯರನ್ನು ಮಕ್ಕಳ ಬಾಣಂತನಕ್ಕೆಂದು ಕರೆಸಿ ದಿನಾಂಕ ಮರೆತ ವಿದ್ಯಾವಂತರೂ ಈ ಲೆಕ್ಕಕ್ಕೆ ಬಲಿಯಾಗಿದ್ದಾರೆ. ಇದು ಕೂಲಿಯವರ ಸಮಸ್ಯೆ ಮಾತ್ರ ಎಂದು ಮೂಗು ಮುರಿಯುವವರು ದಯವಿಟ್ಟು ತಮ್ಮ ಮನೆಯ ಪಾಸ್‌ಪೋರ್ಟುಗಳನ್ನೊಮ್ಮೆ ತೆರೆದು ನೋಡಲಿ.

ಮಸ್ಕತ್‌ನ ಸಂಗತಿ ಮಸ್ಕತ್‌ನಲ್ಲೇ ಉಳಿಯುವುದೂ ಇಲ್ಲ. ನಮ್ಮಲ್ಲಿ ಹಲವರ ಮಕ್ಕಳು ಓದಲು ಇಂಗ್ಲೆಂಡು, ಕೆನಡಾಗಳಿಗೆ ಹೊರಡುತ್ತಾರೆ. ಆ ದೇಶಗಳ ಅರ್ಜಿಯಲ್ಲಿ, ಯಾವುದೇ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ, ನಿಮ್ಮನ್ನು ಹೊರಗೆ ಕಳಿಸಿದೆಯೇ ಎಂದು ಕೇಳುತ್ತಾರೆ. ‘ಯಾವುದೇ ದೇಶ’ ಎಂದರೆ ಒಮಾನೂ ಸೇರಿತು. ಅಮೆರಿಕದ ಪ್ರಸಿದ್ಧ ಮೂರು ವರ್ಷ, ಹತ್ತು ವರ್ಷಗಳ ತಡೆ ಅಮೆರಿಕದಲ್ಲೇ ಅವಧಿ ಮೀರಿದವರಿಗೆ: ನೂರೆಂಬತ್ತು ದಿನ ದಾಟಿ ಹೊರಟರೆ ಮೂರು ವರ್ಷ, ಒಂದು ವರ್ಷ ದಾಟಿದರೆ ಹತ್ತು ವರ್ಷ. 1996ರಲ್ಲಿ ಮಾಡಿದ ಕಾನೂನದು. ಆದರೆ ಅರ್ಜಿಯಲ್ಲಿ ಮುಖ್ಯ ವಿಷಯದಲ್ಲಿ ಸುಳ್ಳು ಬರೆದು ಸಿಕ್ಕಿದರೆ ಅಲ್ಲಿಯ ತಡೆಗೆ ವರ್ಷದ ಮಿತಿಯೇ ಇಲ್ಲ. ಇಂಗ್ಲೆಂಡಿನಲ್ಲಿ ಮೋಸದ ಅರ್ಜಿಗೆ ಹತ್ತು ವರ್ಷ. ಹೀಗಾಗಿ ಹಳೆಯ ಅವಧಿ ಮೀರಿದ ವಾಸಕ್ಕಿಂತ ಅದನ್ನು ಮುಚ್ಚಿಡಲು ಬರೆದ ‘ಇಲ್ಲ’ ಎಂಬ ಉತ್ತರವೇ ದುಬಾರಿಯಾಗುವುದು ಹೆಚ್ಚು. ಏಜೆಂಟರು ಅರ್ಜಿ ತುಂಬಿ ಸಹಿ ಮಾತ್ರ ಹಾಕಿಸಿಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಕೆಲಸ ಕೆಡಿಸುತ್ತದೆ.

ನಮ್ಮದೇ ಸರ್ಕಾರವೂ ಕೇಳುತ್ತದೆ. ಪಾಸ್‌ಪೋರ್ಟು ಕಳೆದುಹೋದವರು, ಒಡೆಯನ ಬಳಿ ಬಿಟ್ಟು ಬಂದವರು ರಾಯಭಾರ ಕಚೇರಿಯಿಂದ ತುರ್ತು ಪ್ರಮಾಣಪತ್ರ ಪಡೆದು ಊರಿಗೆ ಹೋಗುತ್ತಾರೆ. ನಾವು ಔಟ್‌ಪಾಸ್ ಎನ್ನುವುದು ಇದನ್ನೇ. ಒಂದೇ ಸಲದ, ಒಂದೇ ದಿಕ್ಕಿನ ಕಾಗದ. ಕೈಯಲ್ಲಿ ಕಾಸಿಲ್ಲದವರಿಗೆ 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಟಿಕೆಟ್ಟಿಗೂ ನೆರವು ಸಿಗುವುದುಂಟು. ಆದರೆ ಊರಿನಲ್ಲಿ ಮತ್ತೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಅದರಲ್ಲೊಂದು ಪ್ರಶ್ನೆ ಎದುರಾಗುತ್ತದೆ: ನೀವು ಎಂದಾದರೂ ತುರ್ತು ಪ್ರಮಾಣಪತ್ರದ ಮೇಲೆ ಭಾರತಕ್ಕೆ ಮರಳಿದ್ದೀರಾ, ಗಡೀಪಾರಾಗಿದ್ದೀರಾ?

ಈ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಕೂತ ಒಬ್ಬರನ್ನು ನಾನು ಬಲ್ಲೆ. ಕುಂದಾಪುರ ಕಡೆಯವರು, ಮತ್ರಾದ ಓಣಿಯೊಂದರಲ್ಲಿ ದರ್ಜಿ. ಅಂಗಡಿಯವನು ಬಾಗಿಲು ಹಾಕಿಕೊಂಡು ಹೋದ ಮೇಲೆ ಕಾರ್ಡು ಮುಗಿಯಿತು. ಊರಿನ ಸಾಲ ಮುಗಿದಿರಲಿಲ್ಲ. ಏಳು ವರ್ಷ ಕೋಣೆಯೊಳಗೇ ಹೊಲಿದರು. ತಂದೆಯ ಬೊಜ್ಜದ ದಿನ ಫೋನಿನಲ್ಲಿ ಮಂತ್ರ ಕೇಳಿಸಿಕೊಂಡು ಅತ್ತದ್ದನ್ನು ಅವರ ಕೋಣೆಯವರೇ ಹೇಳಿದರು. 2015ರಲ್ಲಿ ಔಟ್‌ಪಾಸ್ ಹಿಡಿದು ಹೋದರು. ಕೆಲವು ವರ್ಷಗಳ ನಂತರ ಅಳಿಯ ಪಾಸ್‌ಪೋರ್ಟಿಗೆ ಅರ್ಜಿ ತುಂಬಿಸುವಾಗ, ‘ಇಲ್ಲ ಅಂತ ಬರೀರಿ ಮಾವ, ಯಾರಿಗೆ ಗೊತ್ತಾಗ್ತದೆ’ ಎಂದನಂತೆ. ಅವರು ನನಗೆ ಫೋನು ಮಾಡಿದರು. ಹೌದು ಎಂದೇ ಬರೆಯಿರಿ, ಔಟ್‌ಪಾಸಿನ ನಕಲು ಲಗತ್ತಿಸಿ ಎಂದೆ. ನಕಲು ಇಟ್ಟಿದ್ದರು, ಪುಣ್ಯ. ಪೊಲೀಸರು ಮನೆಗೆ ಎರಡು ಸಲ ಬಂದರು, ವಿಚಾರಿಸಿದರು, ಹೇಳಿಕೆ ಬರೆಸಿಕೊಂಡರು. ಮಾಮೂಲಿಗಿಂತ ತಡವಾಗಿ ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಮತ್ತೆ ಒಮಾನ್‌ಗೆ ಬರುವ ಪ್ರಯತ್ನವನ್ನು ಅವರು ಮಾಡಿಲ್ಲ. ಈಗ ಬೈಂದೂರಿನಲ್ಲಿ ಎರಡು ಮಿಷನ್ನಿನ ಅಂಗಡಿ ಇಟ್ಟಿದ್ದಾರೆ. ಪಾಸ್‌ಪೋರ್ಟು ಮತ್ತು ಔಟ್‌ಪಾಸಿನ ನಕಲು ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ ಎಂದು ಹೋದ ಸಲ ಊರಿಗೆ ಹೋದಾಗ ತೆಗೆದು ತೋರಿಸಿದರು.